ಆರತಿ ನೀರಿನ ರಕ್ತ

ದೆವ್ವದ ಸಿನಿಮಾ ನೋಡುವಾಗ ಕಣ್ಣಿಗೆ ಅಡ್ಡ ಹಿಡಿದ ನನ್ನ ಬೆರಳುಗಳ ನಡುವೆ ಯಾವಾಗಲೂ ಒಂದು ಸಂದಿ ಉಳಿದುಬಿಡುತ್ತದೆ. ಅದು ಸೃಷ್ಟಿಕರ್ತನ ನಿರ್ಮಾಣದೋಷವೋ ನನ್ನ ಕುತೂಹಲದ ಕುತಂತ್ರವೋ ತಿಳಿಯದು. ಹೀಗೆ ಅರ್ಧ ನೋಡಿ, ಪೂರ್ತಿ ಹೆದರಿ, ಹೊರಗೆ ಬಂದ ಮೇಲೆ ರಕ್ತ ಚೆಲ್ಲುವುದು ಕಲೆಯಲ್ಲ, ಕಲೆಯ ದಾರಿದ್ರ್ಯ ಎಂದು ಗಂಭೀರವಾಗಿ ಭಾಷಣ ಬಿಗಿಯುವುದು ನನ್ನ ಬಹುಕಾಲದ ಅಭ್ಯಾಸ.

ಈ ಸಿದ್ಧಾಂತಕ್ಕೆ ಮೊದಲು ಪುಷ್ಟಿ ಕೊಟ್ಟವಳು ತಮ್ಮನ ಮಗಳು ಶಿಲ್ಪಾ. ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಮ್ಮನದು ಒಂದೇ ಷರತ್ತು: ಅವಳ ದೆವ್ವದ ಕಿರುಚಿತ್ರ ನೋಡಿ ಮನೆಯವರು ನಕ್ಕರೆ, ಕ್ಯಾಮೆರಾ ಬಿಟ್ಟು ಅಂಗಡಿಯಲ್ಲಿ ಕೂಡಬೇಕು. ಭಾನುವಾರ ಮಧ್ಯಾಹ್ನ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಕಿಟಕಿ ಮುಚ್ಚಿ, ಗೋಡೆಯ ಮೇಲೆ ಚಿತ್ರ ಬಿಟ್ಟೆವು. ಎಲ್ಲರ ಕೈಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ದೆವ್ವ ಒಬ್ಬಳ ಕತ್ತು ಸೀಳಿತು. ರಕ್ತ ಬಕೆಟ್ಟುಗಟ್ಟಲೆ ಹರಿಯಿತು. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯ ಹುಡುಗಿ ರಕ್ತವೆಂದು ಸುರಿದದ್ದು ಅರಿಷಿಣಕ್ಕೆ ಸುಣ್ಣ ಕಲಸಿದ ಆರತಿ ನೀರನ್ನು! ನಮ್ಮ ಮನೆತನದ ಮದುವೆಗಳಿಗೆಲ್ಲ ಆ ನೀರು ಕಲಸಿಕೊಟ್ಟ ಸೋದರತ್ತೆ ಬಸಮ್ಮ ತಟ್ಟನೆ ಗುರುತು ಹಿಡಿದರು.

"ಸುಣ್ಣ ಜಾಸ್ತಿ ಆಗೈತಲ್ರಿ. ಚೂರು ಅರಿಷಿಣ ಹಾಕಿದ್ರೆ ಚಲೋ ಬಣ್ಣ ಬರ್ತಿತ್ತು."

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಶಿಲ್ಪಾಳ ಮುಖ ನೋಡಿ ನನಗೆ ಸಂಕಟವಾಯಿತು. ಆದರೂ ಉಪದೇಶದ ಚಪಲ ಬಿಡಬೇಕಲ್ಲ, ರಕ್ತವನ್ನೇ ಕಿತ್ತುಹಾಕು ಎಂದೆ.

"ರಕ್ತದ್ದೇನ್ ತಪ್ಪೈತಿ ದೊಡ್ಡಪ್ಪ? ಅದು ಯಾರ್ದು ಅಂತ ನಾನು ಹೇಳ್ಲೇ ಇಲ್ಲ," ಎಂದಳು.

ಮರುದಿನದಿಂದ ಅಂಗಡಿಗೆ ಹೋದಳು. ಇನ್ನೊಂದೇ ಒಂದು ಅವಕಾಶವನ್ನು ಅಪ್ಪನಿಂದ ಬೇಡಿ ಪಡೆದಿದ್ದಳು.

ಕೆಲವು ವಾರಗಳ ನಂತರ ಅದೇ ಗೋಡೆ, ಅದೇ ಮಂಡಕ್ಕಿ. ಈ ಸಲ ಸೊಸೆಯೊಬ್ಬಳು ತೀರಿಹೋದ ಅತ್ತೆಯ ಫೋಟೊಕ್ಕೆ ಬಿಳಿ ಸೇವಂತಿಗೆ ಪೋಣಿಸುತ್ತ ಕೂತಿದ್ದಾಳೆ. ಫೋಟೊ ಇರುವ ಕೋಣೆಯೊಳಗಿಂದ ಒಂದು ದನಿ: "ಹಾರ ಆತೇನ?" ಸೂಜಿ ಬೆರಳಿಗೆ ನುಗ್ಗುತ್ತದೆ. ಕ್ಯಾಮೆರಾ ಅತ್ತಿತ್ತ ಸರಿಯುವುದಿಲ್ಲ. ನಿಲ್ಲಿಸಲು ಧೈರ್ಯವಿಲ್ಲದ ಸೊಸೆ ಪೋಣಿಸುತ್ತಲೇ ಇದ್ದಾಳೆ. ಸೂಜಿ ಮತ್ತೆ ಮತ್ತೆ ಚುಚ್ಚುತ್ತದೆ, ಹೂಗಳು ಒಂದೊಂದಾಗಿ ಕೆಂಪಾಗುತ್ತವೆ. ಇಷ್ಟು ಕ್ರೂರವಾದದ್ದನ್ನು ನಾನು ಯಾವ ಚಿತ್ರದಲ್ಲೂ ಕಂಡಿರಲಿಲ್ಲ, ಕಣ್ಣು ಮುಚ್ಚಿಕೊಳ್ಳುವುದನ್ನೂ ಮರೆತಿದ್ದೆ. ಆ ಒಂದು ಬೆರಳು ಇಡೀ ಮನೆಯ ಬೆರಳಾಗಿತ್ತು.

ಬಸಮ್ಮತ್ತೆ ಎದ್ದು, ಸೆರಗಿನ ಚುಂಗು ಹಿಡಿದು ಗೋಡೆಯ ಕಡೆಗೆ ನಡೆದರು.

"ಸಾಕು ಬಿಡವ್ವ, ಹಾರ ಬ್ಯಾಡ. ಬೆರಳು ಕೊಡಿಲ್ಲಿ."

ಯಾರೂ ನಗಲಿಲ್ಲ. ಗೋಡೆಯಿಂದ ಕಣ್ಣು ಕೀಳದೆಯೇ ನನ್ನ ತಮ್ಮ ಶಿಲ್ಪಾಳಿಗೆ ಹೇಳಿದ:

"ನಾಳೆ ಅಂಗಡಿಗೆ ಬರಬ್ಯಾಡ."