ಸೆರೆಸ್ ಮೇಲೆ ಅಕ್ಕನ ತೂಕ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸೊನ್ನೆ ಮಾಮ ವಿಜ್ಞಾನ ಕೇಂದ್ರದ ನೆಲದ ಮೇಲೆ ಬೋರಲು ಮಲಗಿ, ಒಂದು ತೂಕದ ಯಂತ್ರದ ಹಿಂಗಾಲನ್ನು ತಿರುಗಿಸಿ ಮಟ್ಟ ಮಾಡುತ್ತಿದ್ದರು. ತಕ್ಕಡಿ ಮತ್ತು ತೂಕದ ಯಂತ್ರಗಳ ರಿಪೇರಿ ಅವರ ಕಸುಬು. ಯಾರು ಎಷ್ಟೇ ಅವಸರ ಮಾಡಿದರೂ "ಮೊದ್ಲು ಸೊನ್ನೆ ಬರ್ಲಿ" ಎನ್ನುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು.

ಕೇಂದ್ರದವರು ಸಾಲಾಗಿ ಕೆಲವು ಯಂತ್ರಗಳನ್ನು ಕೇಳಿದ್ದರು. ಒಂದೊಂದರ ಮೇಲೆ ನಿಂತರೆ ಒಂದೊಂದು ಲೋಕದಲ್ಲಿ ನಮ್ಮ ತೂಕ ಎಷ್ಟೆಂದು ಕಾಣಬೇಕು. ಕೊನೆಯದು ಸೆರೆಸ್: ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕುಬ್ಜ ಗ್ರಹ. ಅದರ ಅಡ್ಡಳತೆ ಸುಮಾರು ಒಂಬೈನೂರ ನಲವತ್ತು ಕಿಲೋಮೀಟರ್, ಅಂದರೆ ನಮ್ಮ ಚಂದ್ರನ ಕಾಲುಭಾಗಕ್ಕಿಂತ ತುಸು ಹೆಚ್ಚು. ತನ್ನ ಸುತ್ತ ಒಮ್ಮೆ ತಿರುಗಲು ಅದಕ್ಕೆ ಒಂಬತ್ತು ಗಂಟೆ ಸಾಕು. ಸೂರ್ಯನನ್ನು ಸುತ್ತಿ ಬರಲು ನಾಲ್ಕು ವರ್ಷ ಏಳು ತಿಂಗಳು ಬೇಕು. ಒಳಗೆ ಕಲ್ಲೂ ಮಂಜುಗಡ್ಡೆಯೂ ಬೆರೆತಿವೆ. ಮೇಲ್ಮೈ ಇದ್ದಿಲಿನ ಹಾಗೆ ಕಪ್ಪು, ಅಲ್ಲಲ್ಲಿ ಉಪ್ಪಿನ ಬಿಳಿ ಮಚ್ಚೆಗಳು. ಅಲ್ಲಿನ ಸೆಳೆತ ಭೂಮಿಯದರಲ್ಲಿ ನೂರಕ್ಕೆ ಮೂರು ಪಾಲೂ ಇಲ್ಲ.

ಈ ಸೆರೆಸ್‌ಗೆಂದು ಮಾಮ ಮೊದಲು ಹೊತ್ತು ತಂದದ್ದು ಅಂಗಡಿಯಲ್ಲಿದ್ದ ದೊಡ್ಡ ಹಿತ್ತಾಳೆ ತಕ್ಕಡಿಯನ್ನು. ನೋಡಲು ಗಂಭೀರವಾಗಿತ್ತು. ಕೇಂದ್ರದಲ್ಲಿ ಪಾಠ ಹೇಳುವ ಮೇಡಂ ಅದರ ಸುತ್ತ ಒಂದು ಸಲ ನಡೆದು ಬಂದು, ಇದನ್ನು ಅಲ್ಲಿಗೆ ಒಯ್ದರೆ ಈ ತಟ್ಟೆಯ ಮನುಷ್ಯನ ಜೊತೆ ಆ ತಟ್ಟೆಯ ತೂಕದ ಬಟ್ಟುಗಳೂ ಹಗುರಾಗುತ್ತವಲ್ಲ, ಮುಳ್ಳು ಇದ್ದಲ್ಲೇ ಇರುತ್ತದೆ ಎಂದರು. ಮಾಮ ಹಣೆ ಚಚ್ಚಿಕೊಂಡು ನಕ್ಕುಬಿಟ್ಟರು. ಜೀವಮಾನವಿಡೀ ತಕ್ಕಡಿಯ ಮುಂದೆ ಕೂತಿದ್ದರೂ ಬಟ್ಟಿಗೂ ತೂಕ ಕಳೆಯಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಆಮೇಲೆ, ಹೊರೆ ಬಿದ್ದಷ್ಟೂ ಬಾಗುವ ಉಕ್ಕಿನ ಪಟ್ಟಿಯ ಯಂತ್ರ ತಂದು ಸೆರೆಸ್‌ನ ಲೆಕ್ಕಕ್ಕೆ ಹೊಂದಿಸಿದರು.

ಊರಿನ ಯಂತ್ರಗಳೆಲ್ಲ ಅವರ ಮಾತು ಕೇಳುತ್ತಿದ್ದವು. ಕೇಳದೆ ಇದ್ದದ್ದು ಅಕ್ಕ ಒಬ್ಬರೇ. ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ತಮ್ಮನನ್ನು ಸಾಕಿದವರು, ಈಗ ಅರವತ್ತನಾಲ್ಕು. ಕಾಯಿಲೆ ಬಿದ್ದ ಮೇಲೆ ತೂಕ ನೋಡಿದಾಗಲೆಲ್ಲ ಅಂಕಿ ಇಳಿದೇ ಇರುತ್ತಿತ್ತು. ಒಂದು ದಿನ ಡಾಕ್ಟರ ಕೋಣೆಯಲ್ಲಿ ಅವರು ಯಂತ್ರ ಹತ್ತಲು ಒಪ್ಪಲೇ ಇಲ್ಲ. ಕಣ್ಣಳತೆಯಲ್ಲಿ ಬರೆದುಕೊಳ್ಳಿ ಎಂದರು. ಹೊಸ ಔಷಧಿಯ ಪ್ರಮಾಣವನ್ನು ತೂಕ ನೋಡಿಯೇ ನಿರ್ಧರಿಸಬೇಕಿತ್ತು. ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಕಡಿಮೆಯಾದರೆ ಕೊಟ್ಟೂ ದಂಡ. ಅಂದಾಜಿನ ಮೇಲೆ ಬರೆಯಲಾರೆ ಎಂದು ಡಾಕ್ಟರು ವಾಪಸು ಕಳಿಸಿದ್ದರು. ಕೇಂದ್ರದ ಈ ಕೆಲಸದ ಮರುದಿನವೇ ಮತ್ತೆ ಹೋಗಬೇಕಿತ್ತು.

ಸೆರೆಸ್ ಯಂತ್ರದ ಮಟ್ಟ ಸರಿಹೋದ ಮೇಲೆ ಮಾಮ ಮನೆಗೆ ಹೋಗಿ, ಜನ ಬರುವ ಮೊದಲು ನನ್ನ ಕೆಲಸ ನೋಡು ಬಾ ಎಂದು ಅಕ್ಕನನ್ನು ಕರೆತಂದರು. ಅಕ್ಕ ಯಂತ್ರದಿಂದ ಒಂದು ಮಾರು ದೂರದಲ್ಲೇ ನಿಂತರು.

"ಏನೋ, ನನ್ನನ್ನ ಇದ್ರ ಮೇಲೆ ಹತ್ತಿಸೋಕೆ ಉಪಾಯ ಹೂಡಿದೀಯಾ?"

"ಹೌದಕ್ಕ. ನಿನ್ನ ಹತ್ರ ಮುಚ್ಚಿಟ್ಟು ಏನಾಗ್ಬೇಕು?"

ಅಕ್ಕ ಗೋಡೆಯ ಮೇಲೆ ಸೆರೆಸ್ ಕುರಿತು ಹಾಕಿದ್ದ ಫಲಕವನ್ನು ನಿಧಾನವಾಗಿ ಓದಿದರು. ಅಲ್ಲಿನ ವರ್ಷದ ಲೆಕ್ಕದಲ್ಲಿ ತಮಗೆ ಇನ್ನೂ ಹದಿನಾಲ್ಕು ತುಂಬಿಲ್ಲವೆಂದು ಬಾಯಲ್ಲೇ ಭಾಗಿಸಿ ಹೇಳಿ, ಆ ವಯಸ್ಸಿನಲ್ಲಿ ತಾವು ಯಾರ ಮಾತನ್ನೂ ಕೇಳುತ್ತಿರಲಿಲ್ಲ ಎಂದು ನೆನಪಿಸಿದರು. ಆಮೇಲೆ, ಇಲ್ಲಿ ಒಂದು ಕಿಲೋ ಇಳಿದರೆ ಅಲ್ಲಿ ಎಷ್ಟು ಇಳಿದಂತೆ ಎಂದು ಕೇಳಿದರು. ಇಪ್ಪತ್ತೊಂಬತ್ತು ಗ್ರಾಂ ಎಂದರು ಮಾಮ.

"ಒಂದು ಕರ್ಚೀಫು," ಎಂದರು ಅಕ್ಕ. "ಹಾಗಾದ್ರೆ ನಾನೇನೂ ಕಮ್ಮಿ ಆಗಿಲ್ಲ ಅನ್ನು."

ಹೌದು ಎಂದುಬಿಡುವುದು ಸುಲಭವಾಗಿತ್ತು.

"ಆಗಿದೀಯಕ್ಕ. ಅಲ್ಲಿ ಎಳೆಯೋ ಬಲ ಕಮ್ಮಿ, ಮೈ ಅಷ್ಟೇ ಇರುತ್ತೆ. ನಿನಗಾಗಿರೋದು ಬೇರೆ. ಮೈಯನ್ನೇ ಕಾಯಿಲೆ ತಿಂದಿದೆ."

ಅಕ್ಕ ತಮ್ಮನ ಮುಖವನ್ನೇ ನೋಡಿದರು. ಚಪ್ಪಲಿ ಕಳಚಿದರು. ಮಾಮ ಚಾಚಿದ ಕೈಯನ್ನು ಹಿಡಿಯದೆ, ಮೊದಲು ಬಲಗಾಲು, ಆಮೇಲೆ ಎಡಗಾಲು ಇಟ್ಟು ಹತ್ತಿದರು. ಕೆಂಪು ಅಂಕಿಗಳು ಒಂದಿಷ್ಟು ಓಲಾಡಿ ನಿಂತವು: ಒಂದು ಕಿಲೋ ಇನ್ನೂರ ಇಪ್ಪತ್ತು ಗ್ರಾಂ.

"ಹುಟ್ಟಿದಾಗ ನೀನೇ ಇದ್ರ ಎರಡರಷ್ಟಿದ್ದೆ ಕಣೋ," ಎಂದರು ಅಕ್ಕ. ಇಳಿಯದೆಯೇ ಕೇಳಿದರು, "ಭೂಮಿಗೆ ತರೋಕೆ ಇದನ್ನ ಎಷ್ಟರಿಂದ ಗುಣಿಸ್ಬೇಕು?"

ಉತ್ತರ ಮಾಮನಿಗೆ ಆಗಲೇ ಗೊತ್ತಾಗಿತ್ತು. ಅದನ್ನು ನುಂಗಿಕೊಂಡು, "ಮೂವತ್ತನಾಲ್ಕೂವರೆ," ಎಂದಷ್ಟೇ ಹೇಳಿದರು.

ಅಕ್ಕನ ತುಟಿಗಳು ಅಲುಗಿದವು. ಲೆಕ್ಕ ಎಷ್ಟಕ್ಕೆ ಬಂತೆಂದು ಅವರು ಹೇಳಲಿಲ್ಲ, ಮಾಮ ಕೇಳಲೂ ಇಲ್ಲ. ಅಕ್ಕನ ಮನಸ್ಸು ಬದಲಾಯಿತೋ ಇಲ್ಲವೋ ತಿಳಿಯದೆ ಮಾಮ ಆ ದಿನವೆಲ್ಲ ಒಂದೇ ಸ್ಕ್ರೂವನ್ನು ಬಿಚ್ಚಿ ಹಾಕುತ್ತಿದ್ದರು.

ಮರುದಿನ ಡಾಕ್ಟರ ಕೋಣೆಯಲ್ಲಿ ಯಾರೂ ಹೇಳುವ ಮೊದಲೇ ಅಕ್ಕ ಚಪ್ಪಲಿ ಬಿಟ್ಟು ಮೂಲೆಯ ಯಂತ್ರವನ್ನು ಹತ್ತಿದರು. ಕೆಳಗೆ ನೋಡಲಿಲ್ಲ. ನರ್ಸ್ ಬಗ್ಗಿ ಅಂಕಿ ಓದುವಷ್ಟರಲ್ಲಿ, ಬಿಲ್ಲಿನ ಮೊತ್ತ ಕೂಗುತ್ತಿದ್ದ ಹಳೆಯ ದನಿಯಲ್ಲಿ ಅಕ್ಕನೇ ಹೇಳಿದರು: "ನಲವತ್ತೆರಡು."