ಬಿಸ್ಕತ್ ಡಬ್ಬಿಯ ಚಿಲ್ಲರೆ

ಮಾವನವರ ಶವದ ಮುಂದೆ ಯಜಮಾನರು ಮಂಡಕ್ಕಿಯ ಜೊತೆ ತೂರುತ್ತಿದ್ದ ಚಿಲ್ಲರೆ ನನ್ನ ಬಿಸ್ಕತ್ ಡಬ್ಬಿಯದೆಂದು ಬಾಗಿಲಲ್ಲಿ ನಿಂತಾಗಲೇ ನನಗೆ ಗೊತ್ತಾದದ್ದು. ಅದು ಎಂಬತ್ತರ ದಶಕದ ಚನ್ನಗಿರಿ. ಎರಡು, ಮೂರು, ಐದು ಪೈಸೆಗಳನ್ನು ಇಸವಿ ಮತ್ತು ಅದರ ಕೆಳಗಿನ ಮಿಂಟ್ ಮಾರ್ಕ್, ಅಂದರೆ ಯಾವ ಟಂಕಸಾಲೆಯದೆಂದು ಹೇಳುವ ಪುಟ್ಟ ಗುರುತು ನೋಡಿ, ಕಾನ್ವೆಂಟ್ ದಿನಗಳಿಂದಲೂ ಕಲೆಕ್ಟ್ ಮಾಡಿದ್ದೆ.

“ಪ್ಯಾಟೆಯಾಗೆ ಚಿಲ್ಲರೆ ಸಿಗಲಿಲ್ಲ. ನಿನ್ನ ಆಟದ ಸಾಮಾನು ಇವತ್ತಾದ್ರೂ ಉಪಯೋಗಕ್ಕೆ ಬಂತು ಬಿಡು,” ಎಂದರು ಯಜಮಾನರು.

ವರ್ಷಗಟ್ಟಲೆ ಹುಡುಕಿದ್ದ, ನಕ್ಷತ್ರದ ಗುರುತಿನ ಮೂರು ಪೈಸೆ ಮೆಟ್ಟಿಲ ಬಳಿಯೇ ಬಿದ್ದಿತ್ತು. ಬಗ್ಗಿದೆ. ನಾದಿನಿ ಕೈ ಹಿಡಿದಳು. “ಅಪ್ಪನ ಮುಂದೆ ತೂರಿದ್ದು ಮನೆಯೊಳಗೆ ತರಾಕೆ ಬರಲ್ಲ ಅತ್ತಿಗೆ, ಬಿಡ್ರಿ.”

ಅಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮಾವನಿಗಾಗಿ ಹೀಗೆ ಅಳುವ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಕೇರಿಯೆಲ್ಲ ಹೊಗಳಿತು. ಇವತ್ತಿನವರೆಗೂ ನಾನು ಯಾರನ್ನೂ ಕರೆಕ್ಟ್ ಮಾಡಿಲ್ಲ.