ವೀತೊಮಿರನ ಕೈ

ನಮ್ಮ ಮತಗಟ್ಟೆಯಲ್ಲಿ ಮೊದಲ ಮತ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಟೈರ್ ರಿಪೇರಿಯ ವೀತೊಮಿರನದೇ. ಬೆಳಿಗ್ಗೆ ಆರೂವರೆಗೆ ಇಸ್ತ್ರಿ ಮಾಡಿದ ಕೋಟು ತೊಟ್ಟು ಶಾಲೆಯ ಗೇಟಿನ ಮುಂದೆ ಹಾಜರಾಗುತ್ತಿದ್ದ. ನಮ್ಮ ಸರ್ಬಿಯಾದಲ್ಲಿ ಮೊದಲು ಬಂದವರಿಗೊಂದು ಕೆಲಸವಿದೆ. ಪೆಟ್ಟಿಗೆ ಖಾಲಿಯಿದೆಯೆಂದು ನೋಡಿ ಒಂದು ಹಾಳೆಗೆ ಸಹಿ ಹಾಕಬೇಕು. ಎಲ್ಲಕ್ಕಿಂತ ಮೊದಲು ಆ ಹಾಳೆ ಪೆಟ್ಟಿಗೆಗೆ ಬೀಳಬೇಕು. ಎಣಿಸುವಾಗ ಅದು ಸಿಗದಿದ್ದರೆ ಆ ಮತಗಟ್ಟೆಯ ಮತವೆಲ್ಲ ರದ್ದು. ಬೇರೆ ಕಡೆ ಜನ ಸುಮ್ಮನೆ ಇಣುಕಿ ಸಹಿ ಗೀಚುತ್ತಾರೆ. ವೀತೊಮಿರ್ ಕೋಟಿನ ತೋಳು ಮಡಚಿ ಮೂಲೆಮೂಲೆಗೂ ಕೈಯಾಡಿಸುತ್ತಿದ್ದ. ಮತಗಟ್ಟೆಯ ಅಧ್ಯಕ್ಷೆ ನಾನು, ಸ್ಮಿಲ್ಯಾ, ಭೂಗೋಳದ ಟೀಚರು. "ಹಾವೇನಾದ್ರೂ ಸಿಕ್ತಾ?" ಎಂದು ಪ್ರತಿ ಸಲ ಕೆಣಕುತ್ತಿದ್ದೆ.

ಈ ಶಿಸ್ತು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡರ ಹರೆಯದಲ್ಲಿ ಅವನು ನಮ್ಮೂರ ಫುಟ್‌ಬಾಲ್ ತಂಡದಲ್ಲಿದ್ದ. ಮೇಲಿನ ದರ್ಜೆಗೇರುವ ಪಂದ್ಯದ ಕೊನೇ ಗಳಿಗೆಯಲ್ಲಿ ಗೋಲು ಹೊಡೆದ. ರೆಫರಿ ಸೀಟಿ ಊದಿದ, ಊರೇ ಕುಣಿಯಿತು. ಆದರೆ ಊರ ರೇಡಿಯೋದ ಲಜಾರ್, ಮೈದಾನದ ಪಕ್ಕದ ಚಾವಣಿಯ ಮೇಲೆ ಕೂತು, ಎಂದಿನ ನಿಧಾನದ ದನಿಯಲ್ಲಿ ಹೇಳಿದ: "ಗೋಲು ಕೊಟ್ಟಿದ್ದಾರೆ. ಚೆಂಡು ವೀತೊಮಿರನ ಕೈಗೆ ತಾಗಿ ಒಳಗೆ ಹೋಯಿತು. ನಾನು ನೋಡಿದೆ."

ಆ ಸಂಜೆ ಲಜಾರನ ಕಿಟಕಿಗೆ ಕಲ್ಲು ಬಿತ್ತು. ವೀತೊಮಿರ್ ಮುಷ್ಟಿ ಬಿಗಿದುಕೊಂಡು ಅವನಿದ್ದ ಹೋಟೆಲಿಗೆ ನುಗ್ಗಿದ. ಲಜಾರ್ ಕೂತಲ್ಲಿಂದ ಏಳಲೂ ಇಲ್ಲ.

"ತಾಗಿತ್ತೋ ಇಲ್ವೋ, ನೀನೇ ಹೇಳು. ಇಲ್ಲ ಅಂದ್ರೆ ನಾಳೆ ರೇಡಿಯೋದಲ್ಲೇ ಕ್ಷಮೆ ಕೇಳ್ತೀನಿ."

ವೀತೊಮಿರ್ ಮುಷ್ಟಿ ಬಿಚ್ಚಿ, "ತಾಗಿತ್ತು," ಎಂದ. ಲಜಾರ್ ಪಕ್ಕದ ಕುರ್ಚಿ ಎಳೆದುಕೊಟ್ಟ. ಅಲ್ಲಿಂದ ಮೂವತ್ತೆಂಟು ವರ್ಷ ಇಬ್ಬರದೂ ಒಂದೇ ಮೇಜು.

ಲಜಾರ್ ತೀರಿಹೋದದ್ದು ಶರತ್ಕಾಲದಲ್ಲಿ. ಆರು ತಿಂಗಳ ಸ್ಮರಣೆಗೆ ವಾಡಿಕೆಯ ಶನಿವಾರ ಪಾದ್ರಿಗೆ ಪುರುಸೊತ್ತಿರಲಿಲ್ಲ. ಹಾಗಾಗಿ ಅದು ರಾಷ್ಟ್ರಪತಿ ಚುನಾವಣೆಯ ಭಾನುವಾರವೇ ಬಂತು. ಬೇಲಿ, ಕಂಬಗಳಿಗೆ ಅಂಟಿಸುವ ಸಾವಿನ ಚೀಟಿ, ಅದರಲ್ಲಿ ಲಜಾರನ ಫೋಟೋ, ವೀತೊಮಿರನ ಕೋಟಿನ ಜೇಬಿನಲ್ಲಿ ನಾಲ್ಕಾಗಿ ಮಡಚಿಟ್ಟಿತ್ತು. ಬೆಳಿಗ್ಗೆ ಪೆಟ್ಟಿಗೆ ತಡವಿದ, ಹಾಳೆಗೆ ಸಹಿ ಹಾಕಿ ನಾಲ್ಕಾಗಿ ಮಡಚಿದ. "ಅವನಿಲ್ಲದ ಮೊದಲ ಚುನಾವಣೆ, ಟೀಚರಮ್ಮ," ಎಂದು ಕರ್ಚೀಫಿಗೆ ಜೇಬು ತಡಕಿದ, ಕಣ್ಣೊರೆಸಿಕೊಂಡ, ಮಡಚಿದ ಹಾಳೆಯನ್ನು ಪೆಟ್ಟಿಗೆಗೆ ಹಾಕಿದ. ಅವನ ಅಳು ನೋಡಲಾರದೆ ನಾನು ಮುಖ ತಿರುಗಿಸಿದ್ದೆ.

ಮಧ್ಯಾಹ್ನ ಮೂರಕ್ಕೆ ಓಡೋಡಿ ಬಂದ. ಸಕ್ಕರೆ, ಅಕ್ರೋಟು ಬೆರೆಸಿದ ಸ್ಮರಣೆಯ ಗೋಧಿ ಇನ್ನೂ ಮೀಸೆಗಂಟಿತ್ತು. ಸ್ಮಶಾನದ ಗೇಟಿಗೆ ಚೀಟಿ ಅಂಟಿಸಲು ಬಿಚ್ಚಿದರೆ, ಅದರಲ್ಲಿ ಅವನದೇ ಸಹಿ.

"ಪೆಟ್ಟಿಗೆಯಲ್ಲಿ ಲಜಾರ್ ಇದ್ದಾನೆ," ಎಂದ. ಬೆಳಿಗ್ಗೆ ಒಳಗೆ ಬಿದ್ದದ್ದು ಸಾವಿನ ಚೀಟಿ.

ಮತಗಟ್ಟೆಯಲ್ಲಿ ಎದುರು ಪಕ್ಷದ ಪ್ರತಿನಿಧಿ ಓಗ್ನೆನ್ ಸಿಗರೇಟು ಸೇದಲು ಹೊರಗೆ ಹೋಗಿದ್ದ. ನಾನೂ ವೀತೊಮಿರನೂ ಒಂದೇ ಕಡೆಯವರು, ಆ ಸಲ ಗೆಲ್ಲುವ ಆಸೆಯೂ ಇತ್ತು. ಸುಳ್ಳೇಕೆ ಹೇಳಲಿ, ನಾನು ಕೈ ಚಾಚಿದೆ.

"ಕೊಡು ಇಲ್ಲಿ. ತುರುಕಿಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ಓಗ್ನೆನ್ ಮೂರು ಗಂಟೆಗೆ ಇಂಥ ಹಾಳೆ ತಂದು ಒಳಗೆ ಹಾಕಿದ್ರೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ಊರು ಒಂದಾಗುವ ಹಾಗೆ ಕೂಗುತ್ತಿದ್ದೆ. ಓಗ್ನೆನ್ ಒಳಗೆ ಬಂದೊಡನೆ ವೀತೊಮಿರ್ ತಾನೇ ಎಲ್ಲ ಹೇಳಿದ. "ನೀವು ಬಾಯಿ ಬಿಡದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ," ಎಂದು ಓಗ್ನೆನ್ ಪೆಚ್ಚಾಗಿ ಕುಳಿತ. ದಾಖಲೆ ಪುಸ್ತಕದಲ್ಲಿ ಬರೆದೆವು. ನಾನೂರ ಹನ್ನೆರಡು ಜನರ ಮತ ರದ್ದಾಯಿತು.

ಮರುಮತದಾನಕ್ಕೆ ಹತ್ತು ದಿನವಿತ್ತು. ಆ ಹತ್ತು ದಿನ ವೀತೊಮಿರನಿಗೆ ಬೀದಿಯಲ್ಲಿ ತಲೆಯೆತ್ತಲಾಗಲಿಲ್ಲ. ಎಂಬತ್ತೊಂದರ ಯಾಗೋದಾ ಬ್ರೆಡ್ಡಿನಂಗಡಿಯಲ್ಲಿ ಎಲ್ಲರೆದುರು ಜಾಡಿಸಿದಳು: "ಈ ಮಂಡಿ ಎಳ್ಕೊಂಡು ಹೋಗಿ ಓಟು ಹಾಕಿದ್ದೆ. ಕಸ ಮಾಡಿಬಿಟ್ಟೆಯಲ್ಲೋ." ಅವನು ಬ್ರೆಡ್ಡು ಹಿಡಿದು ಹೊರಟುಹೋದ. ಇನ್ನು ಅವನು ಮತಗಟ್ಟೆಯತ್ತ ಸುಳಿಯಲಾರನೆಂದೇ ಅಂದುಕೊಂಡಿದ್ದೆ.

ಬಂದ. ಆದರೆ ಗೇಟಿನಾಚೆಯೇ ನಿಂತ. ಏಳು ಗಂಟೆಗೆ ಬಾಗಿಲು ತೆಗೆದರೆ ಸಾಲಿನ ಮುಂದೆ ಯಾಗೋದಾ, ಹಿಂದೆ ಮೂವತ್ತಕ್ಕೂ ಹೆಚ್ಚು ಜನ. ಯಾಗೋದಾ ಒಳಗೆ ಬರಲಿಲ್ಲ. ಊರುಗೋಲೂರಿ ಪಕ್ಕಕ್ಕೆ ಸರಿದಳು.

"ಲೋ ವೀತೊಮಿರ್, ಬಾರೋ. ಪೆಟ್ಟಿಗೆ ಯಾರು ನೋಡ್ತಾರೆ, ನಿಮ್ಮಪ್ಪನಾ?"

"ನನ್ನ ಕೈ ನಂಬಬೇಡಿ ಅಮ್ಮ. ಬೇರೆ ಯಾರಾದ್ರೂ ನೋಡ್ಲಿ."

"ಎರಡು ಸಲ ತಪ್ಪು ಮಾಡಿದ ಕೈ. ಎರಡು ಸಲಾನೂ ನೀನೇ ಒಪ್ಕೊಂಡೆ. ಇನ್ಯಾರ ಕೈ ನಂಬೋಣ ಹೇಳು?"

ವೀತೊಮಿರ್ ಒಳಗೆ ಬಂದ. ಮೊದಲು ಕೋಟಿನ ಜೇಬುಗಳೆರಡನ್ನೂ ಹೊರಗೆಳೆದು ಎಲ್ಲರಿಗೂ ತೋರಿಸಿದ. ಆಮೇಲೆ ತೋಳು ಮಡಚಿ ಮೂಲೆಮೂಲೆಗೂ ಕೈಯಾಡಿಸಿ, ಸಾಲಿನತ್ತ ತಿರುಗಿ ಲಜಾರನ ಹಾಗೆ ನಿಧಾನವಾಗಿ ಹೇಳಿದ:

"ಪೆಟ್ಟಿಗೆ ಖಾಲಿ ಇದೆ. ನಾನು ನೋಡಿದೆ."